ಜೀಪಿನ ಕೂಗು ಮತ್ತು ನಾನು ಸೇರಿಸಿದ ಕಟಕಟ

ನನ್ನ ಮಾವನ ಜೀಪು ಚಳಿಗಾಲದ ಬೆಳಿಗ್ಗೆ ಸ್ಟಾರ್ಟ್ ಆದ ಕೂಡಲೇ ಕೂಗುತ್ತಿತ್ತು. ನಮ್ಮ ಅಂಗಳದಲ್ಲಿ ಅದು ಬಾಯಿ ತೆರೆದರೆ ಕಡಬ ಪೇಟೆಯ ಹೋಟೆಲಿನಲ್ಲಿ ಚಾದ ಗ್ಲಾಸು ಬಿರುಕು ಬಿಡುತ್ತದೆ, ಕುಮಾರಧಾರೆಯ ಮೀನುಗಳೆಲ್ಲ ಆಚೆ ದಡಕ್ಕೆ ಹೋಗಿ ನಿಲ್ಲುತ್ತವೆ ಎಂದು ನಾನು ಶಾಲೆಯಲ್ಲಿ ಹೇಳಿಕೊಂಡು ತಿರುಗುತ್ತಿದ್ದೆ. ನಿಜ ಹೇಳಬೇಕಾದರೆ ಆ ಶಬ್ದ ನಮ್ಮ ಅಂಗಳ ದಾಟಿ ಡಾಮರು ರಸ್ತೆಯವರೆಗೆ ಕೇಳುತ್ತಿತ್ತು, ಅಷ್ಟೇ. ಆದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ನಗುವವರು ಯಾರು?

ಆಗ ನನಗೆ ಹದಿನೈದು ವರ್ಷ. ಈಗ ಹದಿನೇಳು ಮುಗಿಯುತ್ತಾ ಬಂದಿದೆ, ಆದ್ದರಿಂದ ಇದು ನನ್ನ ಬಾಲ್ಯದ ಕತೆ ಎಂದು ತಿಳಿಯಬೇಕು. ಅಪ್ಪ ಅಮ್ಮ ಇರುವುದು ಪುತ್ತೂರಿನಲ್ಲಿ. ಅಲ್ಲಿಯ ಶಾಲೆಯಲ್ಲಿ ಹೆಡ್‌ಮಾಸ್ಟರು ಮೂಗಿನಿಂದ ಹಾಜರಿ ಕರೆಯುವುದನ್ನು ನಾನು ಅವರಿಗಿಂತ ಚೆನ್ನಾಗಿ ಮಾಡುತ್ತಿದ್ದೆ. ಮೊದಲನೇ ಸಲ ಮಾಡಿದಾಗ ಅಪ್ಪನನ್ನು ಕರೆಸಿದರು. ಎರಡನೇ ಸಲ ಅಮ್ಮನನ್ನೂ ಕರೆಸಿದರು. ಮೂರನೇ ಸಲಕ್ಕೆ ಕರೆಸಲು ಮನೆಯಲ್ಲಿ ಬೇರೆ ಯಾರೂ ಉಳಿಯದ ಕಾರಣ ನನ್ನನ್ನೇ ಕಡಬಕ್ಕೆ, ಅಮ್ಮನ ಅಣ್ಣನ ಮನೆಗೆ ಸಾಗಹಾಕಿದರು. ಮಾವನಿಗೂ ಅತ್ತೆಗೂ ಮಕ್ಕಳಿರಲಿಲ್ಲ. ನಾನು ಬಂದ ಮೇಲೆ ಮಕ್ಕಳಿಲ್ಲ ಎಂಬ ಬೇಸರ ಪೂರ್ತಿ ಹೋಯಿತು ಎಂದು ಅತ್ತೆ ಅಕ್ಕಪಕ್ಕದವರಲ್ಲಿ ಹೇಳುತ್ತಿದ್ದರು. ಅದು ಹೊಗಳಿಕೆಯೋ ಅಲ್ಲವೋ ಎಂದು ನಾನು ಕೇಳಲು ಹೋಗಲಿಲ್ಲ.

ಮಾವ ಹನ್ನೊಂದು ವರ್ಷ ಮಂಗಳೂರಿನಿಂದ ಬೊಂಬಾಯಿಗೆ ಲಾರಿ ಓಡಿಸಿದವರು. ಆಗೆಲ್ಲ ತಿಂಗಳಿಗೆ ಎರಡು ದಿನ ಮನೆಗೆ ಬಂದರೆ ಹೆಚ್ಚು. ಕೊನೆಗೆ ಒಂದು ಹಳೆಯ ಜೀಪು ತೆಗೆದುಕೊಂಡರು. ಬೆಳಿಗ್ಗೆ ಮನೆಯಿಂದ ಹೊರಟು ದಾರಿಯಲ್ಲಿ ಜನ ಹತ್ತಿಸಿಕೊಂಡು ನೆಲ್ಯಾಡಿ, ಅಲ್ಲಿಂದ ಉಪ್ಪಿನಂಗಡಿ, ಸಂಜೆ ಅದೇ ದಾರಿಯಲ್ಲಿ ವಾಪಸ್ಸು. ಜೀಪು ಬಂದ ಮೇಲೆ ಮಾವ ದಿನಾ ರಾತ್ರಿ ಮನೆಯ ಊಟ ಮಾಡುವಂತಾಯಿತು. ಅತ್ತೆ ಜೀಪಿನ ಟಯರಿಗೆ ದಿನಾ ಕೈಮುಗಿಯುತ್ತಿದ್ದರು ಎಂದರೆ ನಾನು ಸ್ವಲ್ಪ ಉದ್ದ ಎಳೆದಂತೆ. ವಾರಕ್ಕೊಮ್ಮೆ ಮುಗಿಯುತ್ತಿದ್ದರು.

ಲಾರಿ ಮಾವನಿಂದ ಒಂದನ್ನು ಇಟ್ಟುಕೊಂಡಿತ್ತು. ಹನ್ನೊಂದು ವರ್ಷ ಎಂಜಿನ್ನಿನ ಪಕ್ಕದಲ್ಲೇ ಕೂತ ಕಿವಿಗಳು ಸಣ್ಣ ಶಬ್ದಗಳನ್ನು ಬಿಟ್ಟುಕೊಟ್ಟಿದ್ದವು. ಎದುರು ಕೂತು ಮಾತಾಡಿದರೆ ಕೇಳುತ್ತಿತ್ತು. ಗುಡುಗು, ಬಸ್ಸಿನ ಹಾರ್ನು, ಅತ್ತೆಯ ಬೈಗುಳ, ಎಲ್ಲವೂ ಕೇಳುತ್ತಿತ್ತು. ಆದರೆ ತೆಳ್ಳಗಿನ, ಮೇಲಿನ ಶಬ್ದ ಯಾವುದೂ ಕೇಳುತ್ತಿರಲಿಲ್ಲ. ಸೊಳ್ಳೆ ಕಿವಿಯೊಳಗೆ ಹೊಕ್ಕು ಹಾಡಿದರೂ ಮಾವ ಸುಮ್ಮನೆ ಪೇಪರ್ ಓದುತ್ತಿದ್ದರು. ಇದು ಮನೆಯ ಮೂರು ಜನರಿಗೆ ಮಾತ್ರ ಗೊತ್ತಿದ್ದ ವಿಷಯ. ಡ್ರೈವರನಿಗೆ ಕಿವಿ ಕೇಳುವುದಿಲ್ಲ ಎಂದು ಸುದ್ದಿಯಾದರೆ ಜೀಪು ಹತ್ತುವವರು ಯಾರು? ಜೀಪಿನ ಸಮಾಚಾರ ತನಗೆ ಕಾಲಿನಿಂದ ತಿಳಿಯುತ್ತದೆ, ಪೆಡಲಿನ ಮೇಲೆ ಪಾದ ಇಟ್ಟರೆ ಎಂಜಿನ್ನಿನ ಹೊಟ್ಟೆಯಲ್ಲಿ ಏನುಂಟು ಎಂದು ಗೊತ್ತಾಗುತ್ತದೆ ಎಂದು ಮಾವ ಹೇಳುತ್ತಿದ್ದರು. ಆದರೆ ಈ ಕೂಗು ಪಾದಕ್ಕೆ ತಿಳಿಯುವ ಜಾತಿಯದ್ದಾಗಿರಲಿಲ್ಲ.

ಹಾಗಾಗಿ ಡಿಸೆಂಬರಿನ ಒಂದು ಬೆಳಿಗ್ಗೆ ಜೀಪು ಮೊದಲ ಸಲ ಕೂಗಿದಾಗ ಅದನ್ನು ಮಾವನಿಗೆ ಹೇಳಿದವಳು ನಾನು. ಹೇಳಿದ್ದಲ್ಲ, ಮಾಡಿ ತೋರಿಸಿದೆ. ಹಲ್ಲು ಕಚ್ಚಿ, ಮೂಗಿನ ಮೇಲ್ಭಾಗದಿಂದ, ಕಬ್ಬಿಣದ ಬಾಗಿಲನ್ನು ಸಿಮೆಂಟಿನ ಮೇಲೆ ಎಳೆದ ಹಾಗೆ. ನಾನು ಮಾಡಿದ್ದು ಕೆಳಗಿನ ಸ್ವರವಾದ್ದರಿಂದ ಮಾವನಿಗೆ ಕೇಳಿತು. ಅವರು ಗಂಭೀರವಾಗಿ ತಲೆಯಾಡಿಸಿದರು. ಅಂದಿನಿಂದ ದಿನಾ ಬೆಳಿಗ್ಗೆ ಸೆಲ್ಫ್ ಹೊಡೆದು ನನ್ನ ಕಡೆ ನೋಡುವುದು, ನಾನು ಕೂಗಿ ತೋರಿಸುವುದು, ಅವರು ಗಡಿಯಾರ ನೋಡುವುದು ಎಂದು ಪದ್ಧತಿಯಾಯಿತು. ಎರಡು ನಿಮಿಷ ಕೂಗಿ, ಎಂಜಿನ್ ಬಿಸಿಯಾದ ಮೇಲೆ ಜೀಪು ತನ್ನಷ್ಟಕ್ಕೆ ಸುಮ್ಮನಾಗುತ್ತಿತ್ತು. ಚಳಿ ಜಾಸ್ತಿ ಇದ್ದ ದಿನ ರಸ್ತೆಯ ತಿರುವಿನವರೆಗೂ ಕೂಗುತ್ತಿತ್ತು. ಅಲ್ಲಿ ಹತ್ತುತ್ತಿದ್ದ ಒಬ್ಬರು ಟೀಚರು ನಾಳೆಯಿಂದ ಕಿವಿಗೆ ಹತ್ತಿ ತರಬೇಕೇ ಎಂದು ಕೇಳಿದರಂತೆ.

ಈಗ ನನ್ನ ಅತ್ತೆಯ ವೈದ್ಯದ ಬಗ್ಗೆ ಹೇಳಬೇಕು. ನಮ್ಮ ಕಡೆಯ ಎಲ್ಲ ಮನೆಗಳ ಹಾಗೆ ಆ ಮನೆಯಲ್ಲೂ ಕಿರ್ ಎನ್ನುವುದಕ್ಕೆಲ್ಲ ಒಂದೇ ಮದ್ದು, ತೆಂಗಿನೆಣ್ಣೆ. ಬಾಗಿಲು ಕಿರ್ ಎಂದರೆ ತೆಂಗಿನೆಣ್ಣೆ, ಬಾವಿಯ ರಾಟೆ ಕಿರ್ ಎಂದರೆ ತೆಂಗಿನೆಣ್ಣೆ, ಹೊಲಿಗೆ ಮಿಷಿನಿಗೆ, ಕೊಡೆಯ ಕಡ್ಡಿಗೆ, ನನ್ನ ಮೊಣಕಾಲಿಗೆ. ಕೋಳಿಯ ಗರಿಯನ್ನು ಎಣ್ಣೆಗೆ ಅದ್ದಿ ಎರಡು ಸಲ ಸವರಿದರೆ ಮುಗಿಯಿತು. ನಾನು ಒಂದು ಸಂಜೆ ಬಾನೆಟ್ ಎತ್ತಿ ನೋಡಿದೆ. ಮುಂಭಾಗದಲ್ಲಿ ಕಪ್ಪು ರಬ್ಬರಿನ ಬೆಲ್ಟೊಂದು ಮೂರು ಚಕ್ರಗಳ ಮೇಲೆ ಸುತ್ತಿಕೊಂಡಿತ್ತು. ನೋಡಿದರೆ ನಮ್ಮ ಬಾವಿಯ ರಾಟೆ, ಹಗ್ಗ, ಎಲ್ಲ ಅದೇ. ಇಷ್ಟು ಸಣ್ಣ ವಿಷಯ ಲೋಕಕ್ಕೆ ಹೊಳೆಯಲಿಲ್ಲವಲ್ಲ ಎಂದು ನನಗೆ ಮರುಕವಾಯಿತು. ಗರಿ ತಂದೆ, ಸವರಿದೆ.

ಮರುದಿನ ಬೆಳಿಗ್ಗೆ ಜೀಪು ಕೂಗಲಿಲ್ಲ. ಅದರ ಮರುದಿನವೂ ಕೂಗಲಿಲ್ಲ. ಮಾವ ನನ್ನ ತಲೆ ಸವರಿದರು. ನಾನು ಶಾಲೆಯಲ್ಲಿ ಕಾರ್ಬುರೇಟರ್, ಗೇರ್‌ಬಾಕ್ಸ್ ಎಂದೆಲ್ಲ ನನಗೇ ತಿಳಿಯದ ಮಾತುಗಳನ್ನು ಸೇರಿಸಿ ನನ್ನ ಸಾಧನೆಯನ್ನು ಮೂರು ಕ್ಲಾಸಿನವರಿಗೆ ಹೇಳಿದೆ. ಹೇಗೆ ಸರಿ ಮಾಡಿದೆ ಎಂಬುದನ್ನು ಮಾತ್ರ ಗುಟ್ಟಾಗಿಟ್ಟೆ. ಕೋಳಿ ಗರಿ ಎಂದರೆ ಮೆಕ್ಯಾನಿಕ್ಕಿನ ಮರ್ಯಾದೆ ಏನಾಗಬೇಕು?

ಮೂರನೇ ದಿನ ಜೀಪು ಮೊದಲಿಗಿಂತ ಜೋರಾಗಿ ಕೂಗಿತು. ಈಗ ಎರಡು ನಿಮಿಷವಲ್ಲ, ಐದು ನಿಮಿಷ. ನಾನು ಹೆದರಿ ಇನ್ನಷ್ಟು ಎಣ್ಣೆ ಹಚ್ಚಿದೆ. ಒಂದು ದಿನ ಸುಮ್ಮನಿದ್ದು ಮತ್ತೆ ಕೂಗಿತು. ಮತ್ತೆ ಹಚ್ಚಿದೆ. ಎಣ್ಣೆಯ ಬಾಟ್ಲಿ ಇಳಿಯುತ್ತಿರುವುದನ್ನು ಕಂಡು ಅತ್ತೆ ನನ್ನ ಎರಡು ಜಡೆಗಳನ್ನು ಸಂಶಯದಿಂದ ನೋಡತೊಡಗಿದರು. ಅಷ್ಟರಲ್ಲಿ ಬೇರೆ ರೋಗಗಳೂ ಶುರುವಾದವು. ಏರು ಬಂದರೆ ರೇಡಿಯೇಟರಿನ ನೀರು ಕುದಿಯುತ್ತಿತ್ತು. ಸಂಜೆ ವಾಪಸ್ಸು ಬರುವಾಗ ಹೆಡ್‌ಲೈಟು ಬೀಡಿಯ ಕಿಡಿಯಷ್ಟಾಗುತ್ತಿತ್ತು. ಎಂಜಿನ್ನಿಗೇ ಏನೋ ಆಗಿದೆ ಎಂದು ಮಾವ ಕಂಗಾಲಾದರು.

ಉಪ್ಪಿನಂಗಡಿಯಲ್ಲಿ ಅವರು ನಂಬುವ ಒಬ್ಬ ಮೇಸ್ತ್ರಿ ಇದ್ದರು. ಬ್ಯಾರಿ ಮುಸ್ಲಿಮರು, ವಯಸ್ಸಾದವರು, ಎಲ್ಲರಿಗೂ ಕಾಕ. ಮೂರು ಸಲ ಮಾವ ಜೀಪನ್ನು ಅವರ ಗ್ಯಾರೇಜಿಗೆ ಕೊಂಡುಹೋದರು. ಆದರೆ ಅಲ್ಲಿಗೆ ಒಂದು ಗಂಟೆಯ ದಾರಿ. ತಲುಪುವಾಗ ಎಂಜಿನ್ ಬಿಸಿಯಾಗಿ ಜೀಪು ಸಭ್ಯರ ಮಕ್ಕಳ ಹಾಗೆ ಬಾಯಿ ಮುಚ್ಚಿ ನಿಲ್ಲುತ್ತಿತ್ತು. ಕೇಳದ ಶಬ್ದಕ್ಕೆ ಮದ್ದು ಹೇಗೆ ಕೊಡುವುದು ಎಂದು ಕಾಕ ಕೇಳಿದರಂತೆ. ಅವರ ಮಗ ದುಬೈಯಿಂದ ಒಂದು ಟೇಪ್ ರೆಕಾರ್ಡರ್ ಕಳಿಸಿದ್ದ. ಅದನ್ನು ಕೊಟ್ಟರೆ ಬೆಳಗಿನ ಶಬ್ದವನ್ನು ಹಿಡಿದು ತರಬಹುದಿತ್ತು. ಆದರೆ ಅದಕ್ಕೆ ಕಸೂತಿಯ ಬಟ್ಟೆ ಹೊದೆಸಿ ಗಾಜಿನ ಕಪಾಟಿನಲ್ಲಿಟ್ಟಿದ್ದರು, ಊರ ಧೂಳು ತಾಗುವಂತಿರಲಿಲ್ಲ. ಆಗ ಮಾವನಿಗೆ ನೆನಪಾದದ್ದು ನಾನು. ಧೂಳು ತಾಗಿದರೂ ಕೆಡದ ಟೇಪ್ ರೆಕಾರ್ಡರ್.

ಒಂದು ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಮಾವ ಆ ದಿನದ ಓಡಾಟ ಬಿಟ್ಟು ನನ್ನನ್ನು ಗ್ಯಾರೇಜಿಗೆ ಕರೆದುಕೊಂಡು ಹೋದರು. ಕಾಕ ಬಾನೆಟ್ ಎತ್ತಿ, ಕೈ ಒರೆಸಿಕೊಂಡು, ಮದ್ರಸದಲ್ಲಿ ಪಾಠ ಒಪ್ಪಿಸುವ ಮಗುವಿನ ಮುಂದೆ ಕೂತ ಹಾಗೆ ನನ್ನ ಮುಂದೆ ಕೂತರು. ಬರುವ ಮೊದಲೇ ನಾನು ಬೆಲ್ಟನ್ನು ಹಳೆಯ ಲಂಗದ ತುಂಡಿನಿಂದ ಚೆನ್ನಾಗಿ ಒರೆಸಿದ್ದೆ. ನನ್ನ ಎಣ್ಣೆಯ ಗುಟ್ಟು ಹೊರಬೀಳಬಾರದಿತ್ತು.

ನಾನು ಕೂಗಿದೆ. ಮೊದಲ ಸಲ ಇದ್ದದ್ದನ್ನು ಇದ್ದ ಹಾಗೆಯೇ ಮಾಡಿದೆ, ಇದಕ್ಕೆ ದೇವರು ಸಾಕ್ಷಿ. ಕಾಕನ ಕೈ ನೇರವಾಗಿ ಹೋಗಿ ಬೆಲ್ಟಿನ ಮೇಲೆ ಕೂತಿತು. ಹೆಬ್ಬೆರಳಿನಿಂದ ಒತ್ತಿ, ಇದು ಸ್ವಲ್ಪ ಸಡಿಲ ಉಂಟಲ್ಲ ಎಂದು ತಮ್ಮಷ್ಟಕ್ಕೆ ಗೊಣಗಿದರು. ಅಷ್ಟು ಹೊತ್ತಿಗೆ ನನ್ನ ಕೂಗು ಕೇಳಿ ಎದುರಿನ ಚಾದ ಅಂಗಡಿಯಿಂದ ಹತ್ತು ಜನ ಬಂದು ನಿಂತಿದ್ದರು. ಹತ್ತು ಎಂದರೆ ಆರು. ಒಬ್ಬ ಬಸ್ಸಿನ ಕಂಡಕ್ಟರು ಇನ್ನೊಮ್ಮೆ ಮಾಡು ಎಂದ. ನನ್ನ ಜನ್ಮದಲ್ಲಿ ಅಷ್ಟು ಒಳ್ಳೆಯ ಸಭೆ ನನಗೆ ಸಿಕ್ಕಿರಲಿಲ್ಲ. ನಾನು ಲಂಗ ಸರಿ ಮಾಡಿಕೊಂಡು ಎರಡನೇ ಸಲ ಕೂಗಿದೆ. ಕೂಗಿನ ತುದಿಯಲ್ಲಿ, ಯಾಕೆಂದು ಕೇಳಿದರೆ ನನಗೂ ಗೊತ್ತಿಲ್ಲ, ನಾಲಗೆಯಿಂದ ಕಟ ಕಟ ಕಟ ಎಂದು ಸೇರಿಸಿದೆ. ಅದು ಸಾಲದೆಂದು ಬೆರಳ ಗೆಣ್ಣಿನಿಂದ ಬಾನೆಟ್ಟಿಗೂ ಬಡಿದೆ. ಜನ ನಕ್ಕು ನಕ್ಕು ಒಬ್ಬರ ಮೇಲೊಬ್ಬರು ಬಿದ್ದರು.

ಕಾಕ ನಗಲಿಲ್ಲ. ಬೆಲ್ಟಿನಿಂದ ಅವರ ಕೈ ಮೆಲ್ಲಗೆ ಹೊರಗೆ ಬಂತು.

“ಆ ಕಟಕಟ ನಿಜವಾಗಿ ಉಂಟಾ ಮಗಳೇ?”

ಆರು ಜನ ನನ್ನನ್ನೇ ನೋಡುತ್ತಿದ್ದರು.

“ಉಂಟು ಕಾಕ. ದಿನಾ ಉಂಟು.”

ಕಾಕ ಜೀಪಿನ ಕೆಳಗೆ ಮಲಗಿ ಬಹಳ ಹೊತ್ತು ನೋಡಿದರು. ಎದ್ದು ಬಂದು ಮಾವನಿಗೆ ವಿವರಿಸಿದರು. ರಾತ್ರಿಯಿಡೀ ನಿಂತ ಎಂಜಿನ್ನಿನಲ್ಲಿ ಆಯಿಲ್ ಎಲ್ಲ ಕೆಳಗಿಳಿದಿರುತ್ತದೆ, ಸ್ಟಾರ್ಟ್ ಮಾಡಿದ ಮೇಲೆ ಅದು ಮೇಲೆ ಬರುವಷ್ಟು ಹೊತ್ತು ಒಳಗಿನ ಬೇರಿಂಗು ಬಡಿಯುತ್ತದೆ, ಬೇರಿಂಗ್ ಸವೆದಿದ್ದರೆ ಮಾತ್ರ ಹೀಗಾಗುವುದು. ಎಂಜಿನ್ ಪೂರ್ತಿ ಇಳಿಸಿ ಬಿಚ್ಚಬೇಕಾದೀತು. ಆದರೂ ತನ್ನ ಕಿವಿಯಲ್ಲಿ ಕೇಳದೆ ಬಿಚ್ಚುವುದಿಲ್ಲ, ಒಂದು ರಾತ್ರಿ ಇಲ್ಲಿ ಬಿಟ್ಟುಹೋಗಿ ಎಂದರು. ಮಾವನಿಗೆ ಆ ಕೊನೆಯ ಮಾತು ಕೇಳಿಸಿತೋ ಇಲ್ಲವೋ. ಲಾರಿಯ ಕಾಲದಲ್ಲಿ ಬೇರಿಂಗು ಹೋಗಿ ದಾರಿಯಲ್ಲೇ ಎಂಜಿನ್ ಒಡೆದ ಗಾಡಿಗಳನ್ನು ಅವರು ಕಂಡಿದ್ದರು. ಜನ ಕೂತಿರುವಾಗ ಏರಿನಲ್ಲಿ ಹಾಗೇನಾದರೂ ಆದರೆ ಎಂಬ ಒಂದೇ ಯೋಚನೆ ಅವರಿಗೆ.

ವಾಪಸ್ಸು ಬರುವಾಗ ಅವರು ಬರಿಗಾಲನ್ನು ಪೆಡಲಿನ ಮೇಲಿಟ್ಟು ಓಡಿಸಿದರು. ಕಡಬ ಹತ್ತಿರವಾಗುವಾಗ ಹೇಳಿದರು, “ನನ್ನ ಕಾಲಿಗೆ ಎಂತದೂ ಗೊತ್ತಾಗುದಿಲ್ಲ ಮಾರಾಯ್ತಿ. ಇರ್ಲಿ. ಕಾಲು ಸುಳ್ಳು ಹೇಳಿದ್ರೂ ನಿನ್ನ ಕಿವಿ ಸುಳ್ಳು ಹೇಳುದಿಲ್ಲ.”

ಆಗಲೇ ಹೇಳಿಬಿಡಬೇಕಿತ್ತು. ಬಾಯಿ ತೆರೆದೆ ಕೂಡ. ಆದರೆ ಒಮ್ಮೆ ಆರು ಜನರ ಮುಂದೆ ಹೇಳಿದ್ದನ್ನು ವಾಪಸ್ಸು ತೆಗೆದುಕೊಳ್ಳುವ ಅಭ್ಯಾಸ ನನಗಿರಲಿಲ್ಲ. ಮರುದಿನ ಅತ್ತೆ ಕೇಳಿದಾಗ ಅವರಿಗೂ ಕಟಕಟ ಸೇರಿಸಿಯೇ ಮಾಡಿ ತೋರಿಸಿದೆ. ತನಗೆ ಅಡಿಗೆ ಕೋಣೆಗೆ ಬರೀ ಕೂಗು ಕೇಳುತ್ತದೆ, ಹತ್ತಿರ ನಿಂತವಳಿಗೆ ಗೊತ್ತಿರಬಹುದು ಎಂದು ಅವರು ಒಪ್ಪಿಕೊಂಡರು. ನನ್ನ ಮಾತಿನ ಮೇಲೆ ಆ ಮನೆಯಲ್ಲಿ ಎಷ್ಟು ನಂಬಿಕೆ ಇತ್ತೆಂದು ನನಗೆ ಗೊತ್ತಾದದ್ದೇ ಆ ವಾರ.

ಮಾವ ಜೀಪು ಮಾರುವುದೆಂದು ತೀರ್ಮಾನಿಸಿದರು. ಎಂಜಿನ್ ಪೂರ್ತಿ ಹೋಗುವ ಮೊದಲೇ ಕೊಟ್ಟುಬಿಡುವುದು, ತೊಂದರೆ ಉಂಟೆಂದು ಹೇಳಿಯೇ ಕೊಡುವುದು, ಮತ್ತೆ ಲಾರಿಗೆ ಹೋಗುವುದು. ಸುಳ್ಯದ ಹತ್ತಿರ ಅಜ್ಜಾವರದಲ್ಲಿ ಹಳೆಯ ಗಾಡಿ ತೆಗೆದುಕೊಳ್ಳುವವರೊಬ್ಬರಿದ್ದರು. ಮುಂದಿನ ಆದಿತ್ಯವಾರ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗಲೇ ಬಂದು ಕೇಳುತ್ತೇನೆ ಎಂದು ಅವರು ಹೇಳಿ ಕಳಿಸಿದರು. ಅತ್ತೆ ಅಟ್ಟದಿಂದ ಮಾವನ ಲಾರಿಯ ಕಾಲದ ಟ್ರಂಕನ್ನು ಇಳಿಸಿ, ಒರೆಸಿ, ಬಿಸಿಲಿಗಿಟ್ಟರು. ಅದರೊಳಗೆ ಒಂದು ಜೊತೆ ಚಾದರ, ಒಂದು ಉಪ್ಪಿನಕಾಯಿ ಭರಣಿ. ಮಾವ ಮನೆಯಲ್ಲಿರುವಾಗ ಭರಣಿಗೆ ಉಪ್ಪಿನಕಾಯಿ ಹಾಕುವ ಅಗತ್ಯವೇ ಇರಲಿಲ್ಲ. ಆ ವಾರ ನಾನು ಶಾಲೆಯಲ್ಲಿ ಯಾರನ್ನೂ ನಗಿಸಲಿಲ್ಲ. ನನಗೆ ಜ್ವರವೇ ಎಂದು ಟೀಚರು ಕೇಳಿದರು.

ಆದಿತ್ಯವಾರದ ಹಿಂದಿನ ದಿನ, ಶನಿವಾರ ಬೆಳಿಗ್ಗೆ, ಹಿಂದಿನ ಗುಡ್ಡದ ಚೇಚಿ ಬಂದರು. ಅವರ ಮನೆಯವರು ಕೇರಳದಿಂದ ಬಂದು ಗುಡ್ಡದಲ್ಲಿ ರಬ್ಬರ್ ಹಾಕಿದವರು. ನಮಗೆ ಅವರು ಚೇಚಿ, ಅಂದರೆ ಅಕ್ಕ, ಅವರಿಗೆ ನಾನು ಮೋಳೆ, ಅಂದರೆ ಮಗಳು. ಹದಿನೈದು ದಿನಕ್ಕೊಮ್ಮೆ ರಬ್ಬರ್ ಶೀಟುಗಳ ಕಟ್ಟನ್ನು ನೆಲ್ಯಾಡಿಗೆ ಮಾರಲು ಒಯ್ಯುತ್ತಿದ್ದರು. ಯಾವಾಗಲೂ ರಸ್ತೆಯಲ್ಲಿ ಕಾದು ಹತ್ತುವವರು, ಆ ದಿನ ಶೀಟು ಹೆಚ್ಚಿದ್ದ ಕಾರಣ ನಮ್ಮ ಅಂಗಳಕ್ಕೇ ತಂದಿದ್ದರು. ಶನಿವಾರ ಬೆಳಗಿನ ಶಾಲೆಯಾದ್ದರಿಂದ ನಾನೂ ಪುಸ್ತಕ ಹಿಡಿದು ನಿಂತಿದ್ದೆ. ಮಾವ ಸೆಲ್ಫ್ ಹೊಡೆದರು, ಜೀಪು ಕೂಗಿತು. ಎಂಜಿನ್ ಬಿಸಿಯಾಗಲಿ ಎಂದು ಹಾಗೇ ಬಿಟ್ಟು ಮಾವ ಗಂಜಿ ಕುಡಿಯಲು ಒಳಗೆ ಹೋದರು.

ಜೀಪು ಮಾರುವ ಸುದ್ದಿ ಚೇಚಿಗೆ ಗೊತ್ತಿತ್ತು. ಇದೇ ಶಬ್ದವಾ ಎಂದು ನನ್ನನ್ನು ಕೇಳಿದರು. ನಾನು ಅಭ್ಯಾಸಬಲದಿಂದ, ಪಕ್ಕದಲ್ಲೇ ಜೀಪು ಕೂಗುತ್ತಿರುವಾಗ, ಪೂರ್ತಿ ಆಟವನ್ನು ಕಟಕಟ ಸಮೇತ ಮಾಡಿ ತೋರಿಸಿದೆ. ಇಷ್ಟು ದೊಡ್ಡ ಬುದ್ಧಿವಂತೆ ನಾನು. ಚೇಚಿ ಒಮ್ಮೆ ನನ್ನನ್ನು ನೋಡಿದರು, ಒಮ್ಮೆ ಜೀಪನ್ನು ನೋಡಿದರು.

“ಜೀಪು ಒಂದು ಹೇಳ್ತದೆ ಮೋಳೆ, ನೀನು ಒಂದು ಹೇಳ್ತಿ.”

ಆಮೇಲೆ ಮೂಗು ಮೇಲೆತ್ತಿ ಗಾಳಿಯನ್ನು ಎಳೆದರು. ಶೀಟು ಒಣಗಿಸುವ ಹೊಗೆಮನೆಯಲ್ಲಿ ದಿನ ಕಳೆಯುವವರ ಮೂಗು ಅದು. ಬಾನೆಟ್ ತೆಗೆಯಲು ಹೇಳಿದರು. ನಾನೇ ಎಂಜಿನ್ ಆಫ್ ಮಾಡಿ ತೆಗೆದೆ. ಅವರು ಬೆಲ್ಟನ್ನು ಎರಡು ಬೆರಳಿನಿಂದ ಹಿಡಿದು ಒತ್ತಿದರೆ ಅದು ಮೂರು ಬೆರಳಿನಷ್ಟು ಕೆಳಗೆ ಹೋಯಿತು. ಅಂಚನ್ನು ಉಗುರಿನಿಂದ ಕೆರೆದರು. ರಬ್ಬರು ಉಬ್ಬಿ, ನೆನೆದ ಅವಲಕ್ಕಿಯ ಹಾಗೆ ಮೆತ್ತಗಾಗಿತ್ತು. ಬೆರಳನ್ನು ಮೂಗಿನ ಹತ್ತಿರ ಹಿಡಿದರು.

“ಇದಕ್ಕೆ ತಲೆಗೆ ಎಣ್ಣೆ ಹಾಕಿ ಕೂರಿಸಿದ್ದು ಯಾರು?”

ನಾನು ನನ್ನ ಕಾಲಬೆರಳುಗಳನ್ನು ಎಣಿಸಿದೆ. ಹತ್ತೇ ಇದ್ದವು. ಚೇಚಿ ಬೈಯಲಿಲ್ಲ. ರಬ್ಬರಿಗೂ ಎಣ್ಣೆಗೂ ಆಗುವುದಿಲ್ಲ, ತಲೆಗೆ ಎಣ್ಣೆ ಹಚ್ಚಿದ ಕೈಯನ್ನು ಸೋಪಿನಲ್ಲಿ ತೊಳೆಯದೆ ತಾನು ಶೀಟು ಮುಟ್ಟುವುದಿಲ್ಲ ಎಂದು ನಿಧಾನವಾಗಿ ಹೇಳಿದರು. ಬೆಲ್ಟು ಚಕ್ರವನ್ನು ಹಿಡಿದುಕೊಂಡು ತಿರುಗಿಸಬೇಕು. ಹಳತಾಗಿ ಸಡಿಲವಾದ ಬೆಲ್ಟು ಇಬ್ಬನಿಗೆ ಒದ್ದೆಯಾಗಿ ಬೆಳಿಗ್ಗೆ ಜಾರುತ್ತದೆ, ಜಾರುವಾಗ ಕೂಗುತ್ತದೆ. ಎಣ್ಣೆ ಹಾಕಿದರೆ ಕೂಗದೆ ಜಾರುತ್ತದೆ, ಆಮೇಲೆ ಕೊಳೆತು ಇನ್ನೂ ಜಾಸ್ತಿ ಜಾರುತ್ತದೆ. ಬೆಲ್ಟು ಜಾರಿದರೆ ಫ್ಯಾನು ತಿರುಗಿ ನೀರು ತಣ್ಣಗಾಗುವುದು ಹೇಗೆ, ಡೈನಮೊ ತಿರುಗಿ ಬ್ಯಾಟರಿಗೆ ಕರೆಂಟು ಬರುವುದು ಹೇಗೆ? ನನ್ನ ಒಂದು ಕೋಳಿ ಗರಿ ಇಷ್ಟೆಲ್ಲ ಮಾಡಿತ್ತು. ನಾನು ಮೆಲ್ಲಗೆ, ಬೆಲ್ಟಿನದ್ದೆಂದು ನೀವೇ ಮಾವನಿಗೆ ಹೇಳಿ, ಕಟಕಟದ ಸುದ್ದಿ ಎತ್ತಬೇಡಿ ಎಂದು ಬೇಡಿಕೊಂಡೆ.

“ಬೆಲ್ಟಿನದ್ದು ನಾನು ಹೇಳ್ತೇನೆ. ಎಣ್ಣೆ ಯಾರು ಹಾಕಿದ್ದು ಅಂತ ಕೇಳಿದ್ರೆ ಗೊತ್ತಿಲ್ಲ ಅಂತೇನೆ. ಆದ್ರೆ ಆ ಕಟಕಟ ನಾನು ಮಾಡಿದ್ದಲ್ಲ ಮೋಳೆ. ಅದನ್ನು ನಾನು ತೆಗಿಲಿಕ್ಕೆ ಹೇಗೆ ಆಗ್ತದೆ?”

ಮಾವ ಹೊರಗೆ ಬಂದಾಗ ಚೇಚಿ ಬೆಲ್ಟು ತೋರಿಸಿ ಎಲ್ಲ ಹೇಳಿದರು. ಮಾವನ ಮುಖ ಅರಳಿತು. ಅರಳಿದ್ದು ಅರ್ಧಕ್ಕೇ ನಿಂತಿತು. ಬೆಲ್ಟು ಸರಿ, ಇವಳು ಕೇಳಿದ ಕಟಕಟಕ್ಕೆ ಏನು ಹೇಳುವುದು ಎಂದು ಕೇಳಿದರು. ಚೇಚಿ ನನ್ನ ಕಡೆ ನೋಡದೆ ತಮ್ಮ ಶೀಟುಗಳನ್ನು ಜೀಪಿಗೆ ಹತ್ತಿಸಿದರು. ಅವರು ನನ್ನ ಕಡೆ ನೋಡಿದ್ದರೆ ಮಾವನಿಗೆ ಆಗಲೇ ಗೊತ್ತಾಗುತ್ತಿತ್ತು. ನೋಡದೆ ಇದ್ದದ್ದಕ್ಕೆ ನಾನು ಅವರಿಗೆ ಇಂದಿಗೂ ಋಣಿ.

ಅಂದು ನಾನು ಶಾಲೆಗೆ ಹೋಗಲಿಲ್ಲ. ಕಾಕ ಮತ್ತೊಮ್ಮೆ ಕೇಳಿದರೆ ಬೇಕಾದೀತು ಎಂದು ಮಾವನೇ ನನ್ನನ್ನು ಜೀಪಿನಲ್ಲಿ ಕೂರಿಸಿಕೊಂಡರು. ನೆಲ್ಯಾಡಿಯಲ್ಲಿ ಇಳಿಯುವಾಗ ಚೇಚಿ ನನ್ನ ಕೈಗೆ ಒಂದು ಬಾಳೆಹಣ್ಣು ಕೊಟ್ಟು ಹೋದರು. ಉಪ್ಪಿನಂಗಡಿಯವರೆಗೆ ನಾನು ಅದನ್ನು ತಿನ್ನಲಿಲ್ಲ. ಅಲ್ಲಿಯವರೆಗೆ ಬಾಳೆಹಣ್ಣನ್ನು ಕೈಯಲ್ಲಿ ಹಿಡಿದುಕೊಂಡು ತಿನ್ನದೆ ಕೂತದ್ದು ನನ್ನ ಜೀವಮಾನದಲ್ಲಿ ಅದೊಂದೇ ಸಲ.

ಕಾಕ ಹಳೆಯ ಬೆಲ್ಟನ್ನು ಬಿಚ್ಚಿ, ಅದನ್ನು ನೋಡಿ, ತಲೆಯ ಟೊಪ್ಪಿ ತೆಗೆದು ಹಣೆ ಒರೆಸಿಕೊಂಡರು. ಚಕ್ರಗಳನ್ನು ಪೆಟ್ರೋಲಿನಿಂದ ತೊಳೆದರು. ಹೊಸ ಬೆಲ್ಟು ಹಾಕಿ ಬಿಗಿ ಮಾಡಿದರು. ಇನ್ನು ಕೂಗುವುದಿಲ್ಲ, ನೀರೂ ಕುದಿಯುವುದಿಲ್ಲ, ಆದರೆ ಬೇರಿಂಗು ಬಡಿಯುವುದನ್ನು ಬೆಲ್ಟು ನಿಲ್ಲಿಸುವುದಿಲ್ಲವಲ್ಲ ಎಂದು ಮಾವನಿಗೆ ಹೇಳಿದರು. ಮಾವ ಹೌದು ಎಂದರು. ನಾಳೆ ಬರುವವರಿಗೆ ಅದನ್ನು ಹೇಳಿಯೇ ಕೊಡುತ್ತೇನೆ ಎಂದರು. ನನ್ನನ್ನು ಕಂಡು ಚಾದ ಅಂಗಡಿಯವರು ಆಗಲೇ ರಸ್ತೆ ದಾಟುತ್ತಿದ್ದರು. ಕಂಡಕ್ಟರು ಇವತ್ತು ಡ್ರೈವರನನ್ನೂ ಕರೆದುಕೊಂಡು ಬಂದಿದ್ದ. ಈ ಸಲ ಲೆಕ್ಕ ತಪ್ಪಿಲ್ಲ, ಹನ್ನೊಂದು ಜನ.

ಇನ್ನೊಮ್ಮೆ ಮಾಡು ಮಗಳೇ, ಸರಿಯಾಗಿ ಕೇಳುತ್ತೇನೆ ಎಂದರು ಕಾಕ.

ನಾನು ಮಾಡಿದೆ. ಬರೀ ಕೂಗು. ಬೆಳಿಗ್ಗೆ ಅಂಗಳದಲ್ಲಿ ಕೇಳಿದಷ್ಟೇ ಎತ್ತರ, ಅಷ್ಟೇ ಉದ್ದ. ನಿಲ್ಲಿಸಿದೆ. ಜನ ಕಾದರು. ಕಂಡಕ್ಟರು ನನಗೆ ಮರೆತುಹೋಯಿತೆಂದು ತಿಳಿದು ತಾನೇ ನಾಲಗೆಯಿಂದ ಕಟ ಕಟ ಎಂದು ನೆನಪಿಸಿದ.

“ಅದು ಇಲ್ಲ,” ಎಂದೆ. “ಕಟಕಟ ಜೀಪಿನದ್ದಲ್ಲ. ಅದು ನಾನು ಸೇರಿಸಿದ್ದು. ನೀವೆಲ್ಲ ನಗ್ತೀರಿ ಅಂತ ಸೇರಿಸಿದ್ದು. ಬೆಲ್ಟಿಗೆ ಎಣ್ಣೆ ಹಾಕಿದ್ದೂ ನಾನೇ.”

ಹನ್ನೊಂದು ಜನರಲ್ಲಿ ಒಬ್ಬರೂ ನಗಲಿಲ್ಲ. ನಗದ ಹನ್ನೊಂದು ಜನ ಎಷ್ಟು ದೊಡ್ಡ ಗುಂಪಾಗಿ ಕಾಣುತ್ತಾರೆ ಎಂಬುದು ನನಗೆ ಗೊತ್ತಿರಲಿಲ್ಲ. ಮಾವ ಹತ್ತಿರ ಬಂದು ನನ್ನ ಎದುರು ನಿಂತರು. ಹೊಡೆಯುತ್ತಾರೆ ಎಂದುಕೊಂಡೆ. ಹೊಡೆದಿದ್ದರೆ ಈ ಕತೆಯನ್ನು ಇಷ್ಟು ಸಲೀಸಾಗಿ ಹೇಳಬಹುದಿತ್ತು. ಅವರು ಕೇಳಿದ್ದು ಇಷ್ಟೇ, “ಕೂಗಿದ್ದಾದ್ರೂ ನಿಜವಾ?”

ನಿಜ ಎಂದೆ. ಅವರು ತಲೆಯಾಡಿಸಿ ಆಚೆ ತಿರುಗಿ ನಿಂತರು. ಅವರ ಭುಜ ಸ್ವಲ್ಪ ಕೆಳಗಿಳಿದದ್ದು ಕಂಡಿತು, ಭಾರ ಇಳಿಸಿದವರ ಹಾಗೆ. ಅಥವಾ ಬೇಸರವಾದವರ ಹಾಗೆ. ಹಿಂದಿನಿಂದ ನೋಡಿದರೆ ಎರಡೂ ಒಂದೇ ತರ ಕಾಣುತ್ತದೆ.

ಕಾಕ ಹಳೆಯ ಬೆಲ್ಟನ್ನು ಕೆಳಗೆ ಹಾಕಿದರು. “ನನ್ನದೂ ತಪ್ಪುಂಟು ಮಾರಾಯ್ರೆ,” ಎಂದು ಮಾವನಿಗೆ ಹೇಳಿದರು. “ಕೈ ಬೆಲ್ಟಿನ ಮೇಲೆ ಇತ್ತು, ಕಿವಿ ಈ ಮಗುವಿನ ಬಾಯಿಯ ಮೇಲೆ ಇತ್ತು. ಕೈಯ ಮಾತು ಕೇಳ್ಬೇಕಿತ್ತು.” ಆಮೇಲೆ ಚಾದ ಅಂಗಡಿಯವರನ್ನೆಲ್ಲ ಆಟ ಮುಗಿಯಿತೆಂದು ಓಡಿಸಿದರು. ನನ್ನ ತಪ್ಪಿನ ಅರ್ಧ ಪಾಲನ್ನು ಅವರು ತಮ್ಮ ತಲೆಯ ಮೇಲೆ ಹಾಕಿಕೊಂಡದ್ದು ಯಾಕೆಂದು ಆಗ ತಿಳಿಯಲಿಲ್ಲ. ಮಾವ ನನ್ನೊಬ್ಬಳನ್ನೇ ದೂರುವಂತಾಗಬಾರದು ಎಂದು ಈಗ ತಿಳಿದಿದೆ.

ಸಂಜೆ ಮನೆಯಲ್ಲಿ ಅತ್ತೆಗೆ ಎಲ್ಲವನ್ನೂ ನಾನೇ ಹೇಳಬೇಕೆಂದು ಮಾವ ಅಪ್ಪಣೆ ಮಾಡಿದರು. ಹೇಳಿದೆ. ಅತ್ತೆ ಒಲೆಗೆ ಇನ್ನೊಂದು ಸೌದೆ ತುರುಕಿದರು. ಆಮೇಲೆ ಇಡೀ ವಾರ ತಾನು ನಿದ್ದೆ ಮಾಡಿಲ್ಲ ಎಂದಷ್ಟೇ ಹೇಳಿ, ನನಗೆ ಊಟ ಬಡಿಸಿದರು. ಅಂದು ಮೀನಿನ ಸಾರು ಇತ್ತು. ನನ್ನ ತಟ್ಟೆಗೆ ದೊಡ್ಡ ತುಂಡೇ ಬಿತ್ತು. 

ಆದಿತ್ಯವಾರ ಬೆಳಿಗ್ಗೆ ಇಬ್ಬನಿ ಇನ್ನೂ ತೊಟ್ಟಿಕ್ಕುತ್ತಿರುವಾಗ ಅಜ್ಜಾವರದವರು ಬಂದರು. ಮಫ್ಲರ್ ಸುತ್ತಿಕೊಂಡ, ಮೆತ್ತಗೆ ಮಾತಾಡುವ ಮನುಷ್ಯ. ಮಾವ ಅವರಿಗೆ ಜೀಪು ಕೊಡುವುದಿಲ್ಲ ಎಂದು ನೇರವಾಗಿ ಹೇಳಬಹುದಿತ್ತು. ಹೇಳಲಿಲ್ಲ. ಹೊಸ ಬೆಲ್ಟು ಹಾಕಿದ ಮೇಲೆ ತಣ್ಣಗಿನ ಎಂಜಿನ್ ಸ್ಟಾರ್ಟ್ ಆಗುವುದು ಇದೇ ಮೊದಲು, ಒಳಗೆ ನಿಜವಾಗಿ ತೊಂದರೆ ಇದ್ದರೆ ಈಗ ತಿಳಿಯಬೇಕಿತ್ತು. ತೊಂದರೆ ಇರುವ ಗಾಡಿಯಲ್ಲಿ ಜನ ಕೂರಿಸುವವರು ಅವರಲ್ಲ.

ಬಂದವರು ನಯವಾಗಿ ಹೇಳಿದರು, “ಕೂಗಿದ ಮೇಲೆ ಕಟಕಟ ಅಂತ ಬಡಿತದೆ ಅಂತ ಸುಳ್ಯದಲ್ಲಿ ಹೇಳ್ತಾ ಇದ್ರು.”

ನನ್ನ ನಾಲಗೆ ಒಂದೇ ವಾರದಲ್ಲಿ ನನ್ನನ್ನು ಬಿಟ್ಟು ಸುಳ್ಯ ತಲುಪಿತ್ತು. ಅದು ನಾನು ಮಾಡಿದ್ದು ಎಂದು ಅವರಿಗೂ ಹೇಳಿದೆ. ಎರಡನೇ ಸಲ ಹೇಳುವುದು ಮೊದಲನೇ ಸಲಕ್ಕಿಂತ ಸುಲಭ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಈ ಮನೆಯಲ್ಲಿ ಇನ್ನೇನೇನು ನಂಬಬಾರದೋ ಎಂಬಂತೆ ಮಾವನ ಕಡೆ ತಿರುಗಿದರು.

ಆಗ ಮಾವ ಹೇಳಿದ ಮಾತನ್ನು ನಾನು ಎಳೆಯುವುದೂ ಇಲ್ಲ, ಮೊಟಕು ಮಾಡುವುದೂ ಇಲ್ಲ. ಅವರು ಜೀಪಿನೊಳಗೆ ಕೂತು, ಕೀಲಿ ಹಾಕಿ, ನನ್ನನ್ನು ಕರೆದರು. ಬಂದವರ ಕಿವಿ ಚೆನ್ನಾಗಿಯೇ ಇತ್ತು, ಅತ್ತೆಯೂ ಬಾಗಿಲಲ್ಲಿ ನಿಂತಿದ್ದರು. ಆದರೂ ನನ್ನನ್ನೇ ಕರೆದರು.

“ಬಾನೆಟ್ಟಿನ ಹತ್ರ ನಿಲ್ಲು. ಎಂತ ಕೇಳ್ತದೆ ಅಂತ ನೀನೇ ಹೇಳ್ಬೇಕು.”

ಸೆಲ್ಫ್ ಹೊಡೆದರು. ಎಂಜಿನ್ ಒಮ್ಮೆ ಕೆಮ್ಮಿತು, ಹಿಡಿಯಿತು. ನಾನು ಕಿವಿಯನ್ನು ತಣ್ಣಗಿನ ತಗಡಿಗೆ ಒತ್ತಿ ನಿಂತೆ. ಎಂಜಿನ್ನಿನ ನಡುಕ ಕೆನ್ನೆಗೆ ತಾಗಿತು. ಒಂದು ನಿಮಿಷ, ಎರಡು ನಿಮಿಷ. ಕೂಗಿಲ್ಲ. ಬಡಿತವಿಲ್ಲ. ಐದು ನಿಮಿಷ ಹಾಗೇ ನಿಂತೆ. ಅಷ್ಟು ಹೊತ್ತು ಬಾಯಿ ಮುಚ್ಚಿ ಏನನ್ನಾದರೂ ಕೇಳಿದ್ದು ನನಗೆ ನೆನಪಿಲ್ಲ. ಮಾವ ಸ್ಟೇರಿಂಗ್ ಹಿಡಿದು, ಗಾಜಿನ ಹಿಂದಿನಿಂದ ನನ್ನ ಮುಖವನ್ನೇ ನೋಡುತ್ತಿದ್ದರು.

“ಎಂತದೂ ಇಲ್ಲ ಮಾವ. ಎಂಜಿನ್ ಓಡುದು ಮಾತ್ರ ಕೇಳ್ತದೆ.”

ಮಾವ ಕೆಳಗಿಳಿದು ಬಂದವರ ಹತ್ತಿರ ಹೋದರು. ಇಷ್ಟು ದೂರ ಬರಿಸಿದ್ದಕ್ಕೆ ಬೇಸರ ಮಾಡಬಾರದು, ತಿಂಡಿ ತಿಂದೇ ಹೋಗಬೇಕು, ಜೀಪು ಮಾತ್ರ ಕೊಡುವುದಿಲ್ಲ ಎಂದರು. ಅತ್ತೆ ಆಗಲೇ ಒಳಗೆ ಹೋಗಿ ದೋಸೆಯ ಕಾವಲಿ ಇಟ್ಟಾಗಿತ್ತು.

ಅದಾದ ಮೇಲೆ ಎರಡು ಚಳಿಗಾಲ ಕಳೆದಿದೆ. ಜೀಪು ಓಡುತ್ತಲೇ ಇದೆ. ಮಾವ ಈಗಲೂ ಬೆಳಿಗ್ಗೆ ಸೆಲ್ಫ್ ಹೊಡೆದು ನನ್ನ ಕಡೆ ನೋಡುತ್ತಾರೆ. ನಾನು ಕೇಳಿದ್ದನ್ನು ಕೇಳಿದ ಹಾಗೆ ಹೇಳುತ್ತೇನೆ. ಹೆಚ್ಚಿನ ದಿನ ಹೇಳುವುದಕ್ಕೆ ಏನೂ ಇರುವುದಿಲ್ಲ, ಯಾರಿಗೂ ನಗು ಬರುವಂಥದ್ದಂತೂ ಇರುವುದೇ ಇಲ್ಲ. ಆದರೂ ಅವರು ಕೇಳುತ್ತಾರೆ, ನಾನು ಸರಿ ಉಂಟು ಎಂದ ಮೇಲೆಯೇ ಗೇರು ಹಾಕುತ್ತಾರೆ.